ಎಡಕ್ಕೆ ಎಳೆಯುತ್ತಿದ್ದ ವ್ಯಾನು

ಗ್ರೀಸಿನ ವಾಸನೆ ಬಂದರೆ ಈಗಲೂ ಆರ್.ಟಿ. ನಗರದ ಗ್ಯಾರೇಜಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪನ ಹಳೆಯ ಸ್ಕೂಲ್ ವ್ಯಾನು ಎಡಕ್ಕೆ ಎಳೆಯುತ್ತಿತ್ತು. ಎರಡು ಸಲ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದರೂ ಸರಿಹೋಗದೆ, ಅಪ್ಪ ಅದನ್ನು ಮಾರಿಬಿಡಲು ಹೊರಟಿದ್ದರು.

"ಟೈರಿಂದೇ ತಪ್ಪು," ಎಂದು ನಾನು ವಾದಿಸಿದೆ. ಮೆಕ್ಯಾನಿಕ್ ರಹೀಮಣ್ಣ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ ಓಡಿಸಿದರು. ವ್ಯಾನು ಮತ್ತೆ ಎಡಕ್ಕೇ ಹೋಯಿತು.

"ಏನಮ್ಮ ಲಾಯರಮ್ಮ, ಸೋತ್ಯಾ?"

"ಸೋತಿಲ್ಲ. ಟೈರ್ ಅಲ್ಲ ಅಂತ ಗೊತ್ತಾಯ್ತಲ್ಲ!"

ರಹೀಮಣ್ಣ ನಕ್ಕು, ಚಕ್ರದ ಹಿಂದೆ ಸಲಾಕೆ ತೂರಿಸಿ ಮೀಟಿದರು. ಚಕ್ರದ ತೋಳನ್ನು ಬಿಗಿಯಾಗಿ ಹಿಡಿದಿಡಬೇಕಾದ ರಬ್ಬರ್ ಬುಷ್ ಸವೆದು ಲೊಡಲೊಡ ಅಲ್ಲಾಡಿತು. "ಇದು ಹಿಂಗಿದ್ರೆ ಅಲೈನ್‌ಮೆಂಟ್ ಎಲ್ಲಿ ನಿಲ್ಲುತ್ತೆ ಸಾರ್?" ಎಂದು ಅಪ್ಪನನ್ನು ಕೇಳಿದರು.

ಹೊಸ ಬುಷ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದ ಮೇಲೆ ವ್ಯಾನು ನೆಟ್ಟಗೆ ಓಡಿತು. ಅಪ್ಪ ಬದಿಗೆ ನಿಲ್ಲಿಸಿ, ವ್ಯಾನಿನಲ್ಲಿ ಶಾಲೆಗೆ ಹೋಗುತ್ತಿದ್ದ ಮಗುವೊಂದರ ತಾಯಿಗೆ ಫೋನ್ ಮಾಡಿದರು. "ಮೇಡಂ, ಸೋಮವಾರದಿಂದ ಮತ್ತೆ ವ್ಯಾನ್ ತರ್ತೀನಿ. ಪಾಪುನ ಏಳೂವರೆಗೆ ಗೇಟ್ ಹತ್ರ ನಿಲ್ಸಿ."