ಕಣ್ಣೀರಿಗೆ ಎರಡು ಸೇರು

"ಬಲಗಣ್ಣು ಹದಿನೆಂಟು, ಎಡಗಣ್ಣು ಆರು." ಡಾಕ್ಟರ್ ಸೌಮ್ಯ ನಾಯಿಯ ಕಣ್ಣುಗಳಿಂದ ತೆಗೆದ ಎರಡು ಕಾಗದದ ಪಟ್ಟಿಗಳನ್ನು ಬೆಳಕಿಗೆ ಹಿಡಿದಳು. ಒಂದು ನಿಮಿಷದಲ್ಲಿ ಕಣ್ಣೀರು ಪಟ್ಟಿಯ ಮೇಲೆ ಹದಿನೈದು ಗೆರೆ ದಾಟಿದರೆ ಕ್ಷೇಮ. "ಎಡಗಣ್ಣು ಒಣಗ್ತಿದೆ ಅಜ್ಜಿ. ಇರೋವರೆಗೂ ಡ್ರಾಪ್ಸ್ ಹಾಕ್ಬೇಕು. ಇಲ್ಲಾಂದ್ರೆ ಕಣ್ಣೇ ಹೋಗುತ್ತೆ."

ತನ್ನ ನಾಯಿ ಸಾಹುಕಾರನನ್ನು ಮಡಿಲಲ್ಲಿಟ್ಟುಕೊಂಡು ಶಿವಪುರದಿಂದ ಮದ್ದೂರಿಗೆ ಆಟೋದಲ್ಲಿ ಬಂದಿದ್ದ ಚಿಕ್ಕಮಾದಮ್ಮ ಅದನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆದರೂ ಅವಳ ನೋಟ ಮೇಜಿನ ಮೇಲಿದ್ದ ಎರಡು ಪಟ್ಟಿ ಪಾಕೀಟುಗಳ ಮೇಲಿತ್ತು.

"ಒಂದು ಕಣ್ಗೆ ಈ ಪಾಕೀಟಿಂದು, ಇನ್ನೊಂದ್ಕೆ ಆ ಪಾಕೀಟಿಂದು ಇಕ್ಕಿದ್ರಲ್ಲ, ಯಾಕವ್ವ?"

"ಹಳೇದು ಮುಗೀತಾ ಬಂತು. ಕಂಪನಿ ಬೇರೆ, ಕೆಲಸ ಒಂದೇ."

"ಸೇರು ಬದ್ಲಾಯ್ಸಿ ಅಳೆದ್ಬುಟ್ಟು ರಾಗಿ ಕಮ್ಮಿ ಅದೆ ಅಂದ್ರೆ ಯಾರ್ ಒಪ್ತಾರೆ? ಒಂದೇ ಸೇರಲ್ಲಿ ಅಳೀರವ್ವ."

ಸೌಮ್ಯ ನಕ್ಕು, ಸ್ವಲ್ಪ ಹೊತ್ತು ಬಿಟ್ಟು, ಬಲಗಣ್ಣಿಗೂ ಹೊಸ ಪಟ್ಟಿ ಇಟ್ಟಳು. ಆರು!

"ಎರಡು ಕಣ್ಣೂ ಒಂದೇ ಸಮ ಅಜ್ಜಿ. ನಾಯಿ ಚೆನ್ನಾಗಿದೆ. ಹೊಸ ಕಾಗದವೇ ನೀರು ಹೀರ್ತಿಲ್ಲ. ಹಳೇದೇ ಸರಿ."

"ಅಂಗನ್ನಿ! ಈ ಹಳೇದು ನಿಯತ್ತಿಂದು." ಚಿಕ್ಕಮಾದಮ್ಮ ಬೀಗಿದಳು. "ಸುತ್ತೇಳು ಅಳ್ಳೀಲಿ, ಸಾವಿನ್ ಮನೇಗೆ ನಾನ್ ಬಂದು ಅಳದಂಗೆ ಒಂದ್ ಎಣನೂ ಮೇಲೆದ್ದಿಲ್ಲ ಕಣವ್ವ. ಕಣ್ಣೀರು ಅಂದ್ರೇನು ಅಂತ ಈ ಪೇಪರ್‌ಗೆ ತೋರುಸ್ತೀನಿ, ತತ್ತಾ."

ಡಾಕ್ಟರು ಬೇಡ ಎನ್ನುವಷ್ಟರಲ್ಲಿ, ಉಳಿದಿದ್ದ ಒಂದೇ ಒಂದು ಹಳೇ ಪಟ್ಟಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಶುರುಮಾಡಿಯೇಬಿಟ್ಟಳು. "ಅಯ್ಯೋ ನನ್ನೊಡೆಯಾ, ಎಲ್ಲೋದ್ಯೋ!" ಎದುರಿನ ಹಾರ್ಡ್‌ವೇರ್ ಅಂಗಡಿಯವನು ಗೌರವದಿಂದ ಅರ್ಧ ಬಾಗಿಲು ಎಳೆದ. ಗೆಜ್ಜಲಗೆರೆಗೆ ಹೊರಟಿದ್ದ ಫ್ಯಾಕ್ಟರಿ ಬಸ್ಸು ನಿಂತಿತು, ಡ್ರೈವರ್ ಇಳಿದು, "ಯಾರ್ ಓಗ್ಬುಟ್ರು?" ಎಂದು ಕೇಳಿದ. ಸರದಿಯಲ್ಲಿ ಮೇಕೆ ಹಿಡಿದು ಕೂತಿದ್ದ ಅವಳ ಊರಿನ ರಾಜೇಂದ್ರ ಬಿಕ್ಕಿದ. ಮೇಕೆಯೂ ಬಿಕ್ಕಿತು.

ನಿಮಿಷ ಮುಗಿಯಿತು. ಸೌಮ್ಯ ಪಟ್ಟಿ ನೋಡಿದಳು, ಅಜ್ಜಿಯನ್ನು ನೋಡಿದಳು, ಮತ್ತೆ ಪಟ್ಟಿ ನೋಡಿದಳು.

"ಎರಡು."

ರಾಜೇಂದ್ರನ ಬಿಕ್ಕು ಅರ್ಧಕ್ಕೆ ನಿಂತಿತು. "ನಮ್ಮಪ್ಪ ಸತ್ತಾಗ್ಲೂ ಇಂಗೇ ಅಲ್ವಾ ಅಕ್ಕ ನೀನು ಅತ್ತಿದ್ದು?"

"ಕಣ್ಣಾಸ್ಪತ್ರೆಗೆ ಹೋಗ್ಬೇಕಾಗಿರೋದು ನೀವು ಅಜ್ಜಿ," ಎಂದಳು ಸೌಮ್ಯ ಮೆಲ್ಲಗೆ.

"ಹಳೇದೂ ಕೆಟ್ಟೋಗದೆ. ಬಿಸಾಕವ್ವ."

ಚಿಕ್ಕಮಾದಮ್ಮ ನಾಯಿಯನ್ನು ಎತ್ತಿಕೊಂಡು ಹೊರಟಳು. ಅವಳ ಗೋಳು ಕೇಳಿ ಸಾಹುಕಾರನ ಎರಡೂ ಕಣ್ಣು ತುಂಬಿ ಹರಿಯುತ್ತಿದ್ದವು. ಬಾಗಿಲಲ್ಲಿ ನಿಂತು ಅವಳು ಅದರ ಕಣ್ಣು ಒರೆಸಿ, ಒದ್ದೆಯಾದ ಅದೇ ಸೆರಗನ್ನು ತನ್ನ ಕಣ್ಣಿಗೂ ಒತ್ತಿಕೊಂಡಳು.