ಗೆರೆಯೊಳಗಿನ ಮಂಜುಳಾ

ಸೀಮೆಸುಣ್ಣದ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ.

ನಾಲ್ಕನೇ ಕ್ಲಾಸಿನ ಒಂದು ಇಳಿಬಿಸಿಲಿನಲ್ಲಿ ಹೊಸ ಮೇಡಂ ನಮ್ಮನ್ನು ಶಾಲೆಯ ಸಿಮೆಂಟು ಅಂಗಳಕ್ಕೆ ಕರೆತಂದು, ಒಬ್ಬರ ನೆರಳಿನ ಸುತ್ತ ಇನ್ನೊಬ್ಬರಿಂದ ಗೆರೆ ಎಳೆಸಿದರು. "ಒಳಗೆ ನೀವು ಯಾರು ಅಂತ ಬರೀರಿ. ಒಂದೇ ಬರ್ದು ಬಿಟ್ಬಿಡ್ಬೇಡಿ, ಒಬ್ಬೊಬ್ರೊಳಗೂ ತುಂಬಾ ಜನ ಇರ್ತಾರೆ" ಅಂದರು. ನಾನು ಗೆರೆ ಎಳೆದದ್ದು ಮಂಜುಳಾಳ ನೆರಳಿಗೆ. ಹುಡುಗಿ, ಓಟದಲ್ಲಿ ಫಸ್ಟು, ಊರಾಚೆ ಕಾಲೋನಿಯವಳು ಎಂದು ಅವಳು ಒತ್ತಿ ಒತ್ತಿ ಬರೆದಳು.

ಬೆಲ್ ಹೊಡೆದು ಎಲ್ಲರೂ ಹೋದರು. ಸೀಮೆಸುಣ್ಣದ ನೆರಳುಗಳು ಮಾತ್ರ ಅಲ್ಲೇ ಮಲಗಿದ್ದವು. ಅಮ್ಮ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿದ್ದುದರಿಂದ ನನ್ನನ್ನು ಕರೆದೊಯ್ಯಲು ಅಜ್ಜಿ ಬಂದಿದ್ದಳು. ನನ್ನ ನೆರಳನ್ನೂ ಉಳಿದವರದನ್ನೂ ತುಳಿದುಕೊಂಡೇ ನಡೆದವಳು, ಮಂಜುಳಾಳ ನೆರಳಿನ ಹತ್ತಿರ ಗಕ್ಕನೆ ನಿಂತು ಸೀರೆಯ ನೆರಿಗೆ ಎತ್ತಿ ಹಿಡಿದಳು. "ಈ ಕಡೆಯಿಂದ ಬಾ ಮಗಾ" ಎಂದು ನನ್ನನ್ನು ಎಳೆದುಕೊಂಡು ಅದನ್ನು ಬಳಸಿ ಹೋದಳು.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಒಳಗೆ ಬರೆದದ್ದನ್ನೆಲ್ಲ ಓದಿ ಹೇಳುತ್ತಿದ್ದುದು ನಾನೇ.