ಕೌದಿ ಬಿಚ್ಚಿದವರು

ಕೌದಿಯನ್ನು ಕೊಡವಿದ ಕೂಡಲೇ ತೇಪೆಗಳು ಅಂಗಳದಲ್ಲಿ ಉದುರಿದವು.

"ನೋಡ್ರಿ, ಮತ್ತ ಬಿಚ್ಯಾಳ!" ನಾಗರತ್ನ ಓಣಿಗೆ ಕೇಳುವಂತೆ ಕೂಗಿದಳು. "ನಿನ್ನಿ ಮಧ್ಯಾಹ್ನತನಕ ಕುಂತು ಹೊಲಿದಿದ್ದೆ."

ಕೊಟ್ಟೂರಿನ ಆ ಓಣಿಗೆ ಇದು ಹೊಸ ಕೂಗಲ್ಲ. ಒಂದು ತಿಂಗಳಿಂದ ಹೀಗೇ. ಹಗಲು ಹೊಲಿದದ್ದು ಬೆಳಗಾಗುವಷ್ಟರಲ್ಲಿ ಬಿಡಿಬಿಡಿ. ಬಿಚ್ಚಿದ ದಾರದ ಒಂದು ಚೂರೂ ಎಲ್ಲಿಯೂ ಸಿಗುತ್ತಿರಲಿಲ್ಲ. ಅಷ್ಟು ಜಾಣ ಕೈ.

ಮನೆಯಲ್ಲಿದ್ದವರು ಮೂವರೇ. ಮಗ ಹಂಪೇಶ್ ಬೆಳಗ್ಗೆ ಅಂಗಡಿಗೆ ಹೋದರೆ ಬರುವುದು ರಾತ್ರಿ ಊಟಕ್ಕೆ. ಉಳಿದವಳು ಸೊಸೆ ಅರ್ಚನಾ. ಅವಳಿಗೆ ಸಿಟ್ಟಿರಲು ಕಾರಣವೂ ಇತ್ತು. ಎರಡೇ ಸಲ ಉಟ್ಟಿದ್ದ ಅವಳ ಹಸಿರು ಸೀರೆಯನ್ನು ಅತ್ತೆ ತೇಪೆಗೆಂದು ಕತ್ತರಿಸಿಬಿಟ್ಟಿದ್ದಳು. "ಹಳೇದು ಅನ್ಕೊಂಡೆ" ಎಂದಿದ್ದಳು, ಅಷ್ಟೇ.

ನಾಗರತ್ನ ದುಡ್ಡಿಗೆ ಕೌದಿ ಹೊಲಿದವಳಲ್ಲ. ಜೀವದ ಗೆಳತಿಯರಿಗಷ್ಟೇ. ಹರಪನಹಳ್ಳಿಯ ಮಾಳಮ್ಮ ಇಂದಿಗೂ ಹೊದೆಯುವುದು ಇವಳು ಕೊಟ್ಟದ್ದನ್ನೇ. ಬಾಕಿ ಇದ್ದದ್ದು ಹಡಗಲಿಯ ಯಶೋಧಾಳದು. ಸೂಜಿ ಪೋಣಿಸಿಕೊಡುತ್ತೇನೆಂದರೂ ಸೊಸೆಯನ್ನು ಹತ್ತಿರ ಬಿಡುತ್ತಿರಲಿಲ್ಲ. "ಯಶಿ ಕೌದಿಗೆ ಇನ್ನೊಬ್ರ ಕೈ ಹತ್ತಬಾರ್ದು."

ಆ ದಿನ ಅವಳು ಮಗನಿಗೆ ಖಡಾಖಂಡಿತ ಹೇಳಿದಳು: "ಭಾನುವಾರ ಇವಳನ್ನ ಕೂಡ್ಲಿಗಿಗೆ, ತವರಿಗೆ ಬಿಟ್ಟು ಬಾ."

ಹಂಪೇಶ್ ಹೆಂಡತಿಯ ಮುಖ ನೋಡಿದ. ಅವಳು ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ದಿಕ್ಕು ತೋಚದೆ ಅವನು ಯಶೋಧಾಳಿಗೆ ಫೋನು ಮಾಡಿದ.

ಮರುದಿನವೇ ಅವಳು ಮಲ್ಲಿಗೆಯ ಗಂಟಿನೊಂದಿಗೆ ಬಸ್ಸಿಳಿದಳು. ಅತ್ತೆ, ಸೊಸೆ ಇಬ್ಬರೂ ಎದುರುಗೊಳ್ಳಲು ಬಂದಿದ್ದರು. ಮನೆಗೆ ನಡೆಯುವಾಗ ನಾಗರತ್ನಳ ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಮಾತಿನ ಭರದಲ್ಲಿ ಅವಳಿಗೆ ತಿಳಿಯಲೇ ಇಲ್ಲ. ಅರ್ಚನಾ ಸುಮ್ಮನೆ ಎತ್ತಿಕೊಂಡು ಬಂದಳು.

"ಬಿಚ್ಚೋ ಕಳ್ಳೀನ ಹಿಡಿದು ಕೊಡು, ಯಶಿ," ಎಂದಳು ನಾಗರತ್ನ.

"ನಿನ್ನ ಎದುರಿಗೇ ಕುಂದರ್ತೀನಿ. ಯಾರು ಮುಟ್ತಾರ ನೋಡೇಬಿಡೋಣು."

ಬೆಳಗ್ಗೆ ಯಶೋಧಾ ಎದುರಿಗೆ ಕುಳಿತಳು. ನಾಗರತ್ನಳ ಕೈ ಏರಿತು, ಇಳಿಯಿತು. ಬಾಯಲ್ಲಿ ಹಳೆಯ ಸುದ್ದಿ, ನಗೆ. ಸ್ವಲ್ಪ ಹೊತ್ತಿಗೆ ಯಶೋಧಾಳ ನಗೆ ನಿಂತಿತು. ನೀರು ಕುಡಿಯುವ ನೆವದಲ್ಲಿ ಅವಳು ಅಡುಗೆಮನೆಗೆ ಹೋದಳು.

"ನಿನಗ ಗೊತ್ತಿತ್ತೇನು?"

ಅರ್ಚನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ರಿ."

"ಹಂಪೇಶಗ?"

"ಹೇಳಿಲ್ರಿ. ಅವರಿಗೆ ಗೊತ್ತಾದ್ರ ಅವ್ವನ ಮುಂದ ಅಂದುಬಿಡ್ತಾರ."

"ಇಷ್ಟು ದಿನ ಬೈಸಿಕೊಂಡು ಹೆಂಗಿದ್ದಿ, ಯವ್ವಾ?"

"ಬೈಸಿಕೊಳ್ಳೋದು ಹಗುರ್ರಿ, ಚಿಗವ್ವ."

ಹೇಳಿದರೂ ಕೇಡು, ಹೇಳದಿದ್ದರೂ ಕೇಡು. ಯಶೋಧಾ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಅರ್ಚನಾ ಕೈ ಒರೆಸಿಕೊಂಡು ಅವಳನ್ನು ದಾಟಿ ಪಡಸಾಲೆಗೆ ನಡೆದಳು.

"ನಾನ ಬಿಚ್ಚಿದ್ದೆ, ಅತ್ತಿ. ಸೀರಿ ಸಿಟ್ಟಿಗೆ. ಇನ್ನ ಬಿಚ್ಚಂಗಿಲ್ಲ."

"ಕೇಳಿದೇನ್ಲೇ ಯಶಿ? ಬಾಯಿಬಿಟ್ಟು ಒಪ್ಪಿಕೊಂಡ್ಲು!"

"ಕೇಳಿದೆ," ಎಂದಳು ಯಶೋಧಾ. ದನಿ ಮೇಲೇಳಲಿಲ್ಲ. "ತವರಿಗೆ ಕಳಿಸಬ್ಯಾಡ. ನನ್ನ ಮುಖ ನೋಡಿ ಬಿಡು."

"ಬಿಟ್ಟೆ ಹೋಗು. ನಿನ್ನ ಸಲುವಾಗಿ."

ಮರುದಿನ ಕೌದಿ ಕೊಡವಿದಾಗ ಒಂದೂ ತೇಪೆ ಉದುರಲಿಲ್ಲ. ಅದರ ಮರುದಿನವೂ ಇಲ್ಲ. ಓಣಿಯವರು ಅರ್ಚನಾಳನ್ನು ಕಂಡು ಮುಖ ತಿರುಗಿಸಿದರು. ವಾರ ಕಳೆಯುವಷ್ಟರಲ್ಲಿ ಕೌದಿ ಮುಗಿಯಿತು. ನಾಗರತ್ನ ಅದನ್ನು ಗೆಳತಿಯ ಹೆಗಲಿಗೆ ಹೊದಿಸಿದಳು.

"ನನ್ನ ಕೈ ಇನ್ನೂ ಹಂಗ ಐತಿ, ನೋಡು."

"ಐತಿ, ರತ್ನಿ," ಎಂದು ಯಶೋಧಾ ಅತ್ತಳು. ಸಂತೋಷಕ್ಕೆಂದು ನಾಗರತ್ನ ತಿಳಿದಳು.

ಆ ಕೌದಿಯನ್ನು ದಿನಾ ಮಧ್ಯಾಹ್ನ, ನಾಗರತ್ನ ಉಂಡು ಮಲಗಿದಾಗ, ಆಚೆ ತುದಿಗೊಬ್ಬರು ಈಚೆ ತುದಿಗೊಬ್ಬರು ಕುಳಿತು ಯಶೋಧಾ ಮತ್ತು ಅರ್ಚನಾ ಹೊಲಿದಿದ್ದರು. ಸಕ್ಕರೆ ಕಾಯಿಲೆ ನಾಗರತ್ನಳ ಕಣ್ಣನ್ನು ಮಸುಕಾಗಿಸಿ, ಬೆರಳಿನ ಸ್ಪರ್ಶವನ್ನೂ ತಿಂದುಹಾಕಿತ್ತು. ಹೋದದ್ದು ಮರಳುವುದಿಲ್ಲವೆಂದು ಡಾಕ್ಟರು ಹೇಳಿದ್ದು ಅರ್ಚನಾಳೊಬ್ಬಳಿಗೆ.

ಯಾರೂ ಏನನ್ನೂ ಬಿಚ್ಚಿರಲಿಲ್ಲ. ನಾಗರತ್ನಳ ಸೂಜಿಯಲ್ಲಿ ದಾರವೇ ಇರುತ್ತಿರಲಿಲ್ಲ.